ಏರ್ ರೈಫಲಿಗೆ ಕುಸುಬಿ ಎಣ್ಣೆ

ಖಂಡೇನವಮಿಯ ದಿನ ಅಕ್ಕಲಕೋಟೆ ಹತ್ತಿರದ ನನ್ನ ಅತ್ತೆಯ ಮನೆಯಲ್ಲಿ ಕಬ್ಬಿಣ ಎನ್ನುವುದೆಲ್ಲ ಪಡಸಾಲೆಗೆ ಬರುತ್ತದೆ. ಕುಡಗೋಲು, ಕುರಪಿ, ಕೊಡಲಿ, ಈಳಿಗೆ, ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಪಾನಾಗಳು, ಎಲ್ಲವೂ ಕಂಬಳಿಯ ಮೇಲೆ ಸಾಲಾಗಿ ಕೂರುತ್ತವೆ. ಅತ್ತೆ ಒಂದೊಂದಕ್ಕೂ ಮನೆಯ ಕುಸುಬಿ ಎಣ್ಣೆ ಸವರಿ ಕುಂಕುಮ ಹಚ್ಚುತ್ತಾರೆ. ಹಚ್ಚಿದ ಮೇಲೆ ಮರುದಿನ ದಸರೆಯ ಬನ್ನಿ ಮನೆಗೆ ಬರುವ ತನಕ ಯಾರೂ ಯಾವುದನ್ನೂ ಎತ್ತುವಂತಿಲ್ಲ. ಈಳಿಗೆ ಸಿಗುವುದಿಲ್ಲವೆಂದು ಕಾಯಿಪಲ್ಲೆಯನ್ನು ಹಿಂದಿನ ದಿನವೇ ಹೆಚ್ಚಿಡುತ್ತೇವೆ.

ಹೋದ ವರ್ಷ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಸಾಲಿನಲ್ಲಿ ನನ್ನ ಮಗಳ ಏರ್ ರೈಫಲ್ ಕೂಡ ಇತ್ತು. ಹಿಡಿಕೆ ಜೋಳದ ಚೀಲದ ಮೇಲೆ, ನಳಿಗೆಯ ತುದಿ ಕೆಳಗೆ ನೆಲಕ್ಕೆ. ಮೇಲಿಂದ ಕೆಳಗಿನವರೆಗೆ ಎಣ್ಣೆ ಮಿರಮಿರ ಮಿಂಚುತ್ತಿತ್ತು.

ಸೋಲಾಪುರದಲ್ಲಿ ನಮ್ಮದು ಚಾದರ್, ಟವೆಲಿನ ಅಂಗಡಿ. ಮಗಳು ಕಾಲೇಜು ಸೇರಿದ ಮೇಲೆ ಅಲ್ಲಿಯ ಶೂಟಿಂಗ್ ಕ್ಲಬ್ಬಿಗೆ ಹೋಗತೊಡಗಿದಳು. ಅತ್ತೆಗೆ ಅದು ಚೂರೂ ಸೇರಿರಲಿಲ್ಲ. "ಹೆಣ್ಣಹುಡುಗಿ ಕೈಯಾಗ ಬಂದೂಕ ಏನ ಚಂದ?" ಎಂದು ಒಂದೇ ಸಲ ಕೇಳಿದ್ದರು. ಆಮೇಲೆ ರೈಫಲಿನ ಚೀಲ ಕಂಡರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಡುವರು. ದಸರೆಯ ಮರುದಿನವೇ ಜಿಲ್ಲಾ ತಂಡದ ಆಯ್ಕೆ ಇದ್ದುದರಿಂದ ಮಗಳು ಅಭ್ಯಾಸಕ್ಕೆಂದು ರೈಫಲನ್ನು ಊರಿಗೆ ತಂದಿದ್ದಳು. ಈಗ ಅತ್ತೆ ತಾವೇ ಚೀಲ ಬಿಚ್ಚಿ, ಅದನ್ನು ಹೊರಗೆ ಜಾರಿಸಿ, ಮನೆಯ ಆಯುಧಗಳ ಜೊತೆ ಕೂರಿಸಿ ಪೂಜೆ ಮಾಡಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷ ಎಣ್ಣೆ ಎಲ್ಲಿಗೆ ಇಳಿದಿದೆ ಎಂದು ನೋಡುವ ತನಕ ಮಾತ್ರ.

ರೈಫಲಿನ ಹೊಟ್ಟೆಯ ಕೆಳಗೊಂದು ಉದ್ದನೆಯ ಸೀಳಿದೆ, ಅದರೊಳಗೆ ಸ್ಪ್ರಿಂಗ್ ಕಾಣುತ್ತದೆ. ಅತ್ತೆ ಅಲ್ಲಿಗೂ ಧಾರಾಳವಾಗಿ ಹೊಯ್ದಿದ್ದರು. ಈ ಬಂದೂಕಿನಲ್ಲಿ ಮದ್ದು ಇರುವುದಿಲ್ಲ. ಸ್ಪ್ರಿಂಗ್ ಜಿಗಿದಾಗ ಮುಂದಿನ ಕೋಣೆಯಲ್ಲಿ ಗಾಳಿ ಒತ್ತಿಕೊಂಡು, ಕಾದು, ಗುಂಡನ್ನು ತಳ್ಳುತ್ತದೆ. ಅಲ್ಲಿ ಸಾದಾ ಎಣ್ಣೆ ಇದ್ದರೆ ಅದೇ ಹೊತ್ತಿ ಢಮ್ ಎನ್ನುತ್ತದೆ. ಹೊಗೆ ಬರುತ್ತದೆ, ಗುರಿ ಎಲ್ಲಿಗೋ ಹೋಗುತ್ತದೆ, ವಾಶರ್ ಸುಡುತ್ತದೆ. ಆ ಕೋಣೆಗೆ ಬೇಕೆಂದರೆ ಸಿಲಿಕೋನ್ ಎಣ್ಣೆಯ ಒಂದು ಹನಿ ಸಾಕು. ಸ್ಪ್ರಿಂಗಿಗೆ ತೆಳ್ಳಗೆ ಕರಿ ಗ್ರೀಸು, ಹೊರಗಿನ ಕೀಲಿಗಷ್ಟೇ ಮಶೀನ್ ಎಣ್ಣೆ. ಕುಸುಬಿ ಎಣ್ಣೆಯಂತೂ ಒಣಗಿದರೆ ಅಂಟು. ನಮ್ಮ ಅಡುಗೆಮನೆಯ ಎಣ್ಣೆ ಡಬ್ಬಿಯ ಮುಚ್ಚಳ ತೆರೆಯಲು ಹೆಣಗಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಮಗಳು ಹಿತ್ತಲಿಗೆ ಹೋಗಿ ಕ್ಲಬ್ಬಿನ ಕೋಚ್ ಸರ್‌ಗೆ ಫೋನ್ ಮಾಡಿದಳು. ಎಣ್ಣೆ ಮುಂದಿನ ಕೋಣೆಗೆ ಇಳಿಯುವ ಮೊದಲೇ ಒರೆಸಿದರೆ ಉಳಿಯಿತು, ಇಳಿದರೆ ಬಿಚ್ಚಿ ವಾಶರ್ ಬದಲಿಸಬೇಕು, ಹಬ್ಬದಲ್ಲಿ ವಾಶರ್ ಎಲ್ಲೂ ಸಿಗದು ಎಂದರಂತೆ. ರೈಫಲೋ ಮೂತಿ ಕೆಳಗೆ ಮಾಡಿ ಕುಳಿತಿದೆ. ಎತ್ತಲು ನಾಳೆಯ ತನಕ ಕಾಯಬೇಕು.

"ಅಜ್ಜಿಗಿ ಏನೂ ಹೇಳಬ್ಯಾಡ ಮಮ್ಮಿ," ಎಂದಳು ಮಗಳು. "ವರ್ಷಾತು, ಇವತ್ತ ಮೊದಲನೇ ಸಲ ಮುಟ್ಯಾಳ. ಆಯ್ಕಿ ಹೋದ್ರ ಹೋಗ್ಲಿ."

ನನಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಅಂಡು ಸುಟ್ಟ ಬೆಕ್ಕಿನಂತೆ ತಿರುಗಿದೆ. ಹೋಳಿಗೆಯ ಕಣಕ ಎರಡೆರಡು ಸಲ ನಾದಿದೆ. ಪ್ರತಿ ಸಲ ಹೋದಾಗಲೂ ಬಗ್ಗಿ ಆ ಸೀಳನ್ನೇ ನೋಡುತ್ತಿದ್ದೆ. ಗಂಡನಿಗೆ ಹೇಳಿದರೆ, "ಎಣ್ಣಿ ಅಂದ್ರ ಎಣ್ಣಿ, ಕಬ್ಬಣಕ್ಕ ಚಲೋನ ಆತಲ್ಲ" ಎಂದರು. ಮೈದುನ ಇನ್ನೂ ಮುಂದೆ ಹೋಗಿ ಟ್ರ್ಯಾಕ್ಟರಿನ ಗ್ರೀಸು ತರಲೇ ಎಂದ. ಇಬ್ಬರ ಮೇಲೂ ಮೈಯೆಲ್ಲ ಉರಿಯಿತು.

ಊಟವಾದ ಮೇಲೆ ಅತ್ತೆ ನನ್ನನ್ನು ತಡೆದರು. "ಏನ ಕಳಕೊಂಡಿ? ಮುಂಜಾನಿಂದ ಗಿರಗಿಟ್ಲಿ ಹಂಗ ತಿರಗಾಕತ್ತಿದಿ. ನೋಡಿ ನೋಡಿ ನನಗ ಚಕ್ಕರ್ ಬಂತು."

ತಡೆಯಲಾಗಲಿಲ್ಲ. "ಅತ್ತಿ, ಆ ಬಂದೂಕಿಗೆ ಈ ಎಣ್ಣಿ ನಡ್ಯಂಗಿಲ್ರಿ," ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮಗಳು ಬಾಗಿಲಲ್ಲಿ ನಿಂತು ನನ್ನನ್ನು ನುಂಗುವ ಹಾಗೆ ನೋಡಿದಳು.

ಅತ್ತೆಯ ಮುಖ ಸಣ್ಣದಾಯಿತು. ಈ ಮಾತಿಗೆ ಹಬ್ಬವೇ ಮುರಿಯಿತು ಎಂದುಕೊಂಡೆ. ಅವರು ಎದ್ದು ಕೈಕಾಲು ತೊಳೆದು, ಸಾಲಿನ ಮುಂದೆ ಕೈಮುಗಿದು, ಬಗ್ಗಿ ರೈಫಲನ್ನು ಎತ್ತಿದರು.

"ಅತ್ತಿ, ನಾಳಿ ತನಕ ಎತ್ತಬಾರದಲ್ರಿ!"

"ಹುಡುಗಿ ಗೆಲ್ಲಲಿ ಅಂತ ಹಚ್ಚೀನಿ. ಸೋಲಲಿ ಅಂತ ಇಡ್ಲೇನ? ದೇವರಿಗೆ ನಾ ಹೇಳೀನಿ, ನೀ ನಡುವ ಬರಬ್ಯಾಡ." ಎರಡೂ ಕೈಯಲ್ಲಿ ತೂಗಿ ನೋಡಿ ಮೊಮ್ಮಗಳ ಕಡೆ ತಿರುಗಿದರು. "ಏಯವ್ವ, ಇಷ್ಟ ವಜ್ಜ ಐತೇನ ಇದು? ಇದನ್ನ ಹಿಡಕೊಂಡು ನಿಲ್ತಿಯೇನ ನೀ?"

ಮಗಳು ಅತ್ತುಬಿಟ್ಟಳು. ನಾವು ಮೂವರೂ ಕೂತು, ಕಸಬರಿಗೆಯ ಹಂಚಿಕಡ್ಡಿಗೆ ಹಳೆಯ ಧೋತರದ ಚೂರು ಸುತ್ತಿ ಸೀಳಿನೊಳಗೆ ಬಿಟ್ಟು ಒರೆಸಿದೆವು. ಬಟ್ಟೆ ಎಣ್ಣೆಯಾಗದೆ ಹೊರಬರುವ ತನಕ ಅತ್ತೆ ಬಿಡಲಿಲ್ಲ. ಕೋಣೆಗೆ ಇಳಿದಿದೆಯೋ ಇಲ್ಲವೋ ತಿಳಿಯಲು ಒಂದು ಗುಂಡು ಹೊಡೆದು ನೋಡುವುದೊಂದೇ ದಾರಿ. ಹಿತ್ತಲಲ್ಲಿ ಜೋಳದ ಕಣಿಕೆಯ ಬಣವೆಗೆ ಕಾಗದ ಚುಚ್ಚಿದೆವು.

ಮಗಳು ರೈಫಲನ್ನು ಭುಜಕ್ಕೆ ಇಟ್ಟು ನಿಂತಳು. ನಿಂತೇ ಇದ್ದಳು. ಸೆರಗಿನ ತುದಿಯೂ ನನ್ನ ಕೈಯಲ್ಲಿ ಸುಮ್ಮನಿರಲಿಲ್ಲ. ಅವಳ ರೆಪ್ಪೆ ಕೂಡ ಅಲುಗಲಿಲ್ಲ. ಕೊನೆಗೆ ಟಪ್ ಎಂದಿತು, ಅಷ್ಟೇ. ಹೊಗೆ ಬರಲಿಲ್ಲ. ಅತ್ತೆ ಕಾಗದ ನೋಡಲು ಹೋಗಲೇ ಇಲ್ಲ, ಮೊಮ್ಮಗಳನ್ನೇ ನೋಡುತ್ತಿದ್ದರು.

ಆಯ್ಕೆಯ ದಿನ ಪಟ್ಟಿಯಲ್ಲಿ ಅವಳ ಹೆಸರು ಬಂದಾಗ ಸೋಲಾಪುರದಿಂದ ಅತ್ತೆಗೆ ಫೋನ್ ಮಾಡಿದೆ. ನನ್ನ ಮಗಳು ಗೆದ್ದಳು ಎಂದು ಕೂಗಿಯೇ ಹೇಳಿದೆ.

"ಗೆಲ್ಲದ ಏನ ಮಾಡ್ತಾಳ?" ಎಂದರು ಅತ್ತೆ. "ನೀ ಹಡದಿ ಖರೆ. ಆದ್ರ ಹಂಗ ಒಂದ ಕಡಿ ನಿಲ್ಲೂದು ಆಕಿಗಿ ನನ್ನ ಕಡಿಂದ ಬಂದದ."