ಓನೋರಿನಾ ದೊಡ್ಡಮ್ಮನ ಕಸದ ತಪಾಸಣೆ

ತೊಳೆಯದ ಒಂದು ಮೊಸರಿನ ಡಬ್ಬಿಗಾಗಿ ಎದುರುಮನೆಯ ಓನೋರಿನಾ ದೊಡ್ಡಮ್ಮ ನನ್ನ ಕಸದ ಚೀಲವನ್ನು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು ಬಿಚ್ಚಿದಳಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಕಾಡುಹಂದಿ ಮುಟ್ಟದಿರಲೆಂದು ನಮ್ಮ ಬೆಟ್ಟದೂರಿನಲ್ಲಿ ಕಸವನ್ನು ಬಾಗಿಲ ಕೊಕ್ಕೆಗೆ ತೂಗುಹಾಕುತ್ತೇವೆ; ಲಾರಿ ಬರುವ ಮುಂಚೆ ದೊಡ್ಡಮ್ಮನ ತಪಾಸಣೆ. ಈ ಹುದ್ದೆಯನ್ನು ಪಂಚಾಯಿತಿ ಕೊಟ್ಟಿರಲಿಲ್ಲ, ದೇವರೇ ನೇರವಾಗಿ ನೇಮಿಸಿರಬೇಕು. ಊರುಗೋಲಿನಿಂದ ನನ್ನ ಚೀಲ ತಿವಿದು ಕೂಗುವಳು: "ಲೋ ರೆಮೋ, ಎಣ್ಣೆ ಹತ್ತಿದ ಪಿಜ್ಜಾ ಡಬ್ಬ ಕಾಗದದ ಕಸದ ಚೀಲಕ್ಕೆ ಹಾಕ್ತಾರೇನೋ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ?" ಉಪವಾಸದ ಶುಕ್ರವಾರ ಪಾದ್ರಿ ಕೋಳಿ ತಿಂದದ್ದನ್ನೂ ಮೂಳೆ ನೋಡಿ ಹಿಡಿದವಳು. ಗುರುವಾರ ಗಾಜಿನ ಕಸ ಒಯ್ಯುವ ದಿನ, ಯಾರ ಬಕೆಟ್ಟಿನಲ್ಲಿ ಎಷ್ಟು ಬಾಟಲಿ ಅಂತ ಊರೆಲ್ಲ ಎಣಿಸುತ್ತದೆ. ನನ್ನ ಹೆಂಡತಿ ಸತ್ತ ವರ್ಷವಿಡೀ ತುಂಬಿ ತುಳುಕಿದ್ದು ದೊಡ್ಡಮ್ಮನ ಬಕೆಟ್ಟು. "ಮುದುಕಿ ಪೀಪಾಯಿಗಟ್ಟಲೆ ಇಳಿಸ್ತಾಳೆ" ಅಂತ ಬಾರಿನಲ್ಲಿ ಜೋರಾಗಿ ನಕ್ಕವನು ನಾನೇ. ಆ ವರ್ಷ ನಾನು ಕುಡಿದದ್ದಕ್ಕೆ ಲೆಕ್ಕವಿರಲಿಲ್ಲ. ಗೊತ್ತಾದರೆ ನನ್ನ ಪುಟ್ಟ ಮಗಳನ್ನು ಕರೆದೊಯ್ಯಲು ಹೆಂಡತಿಯ ಅಪ್ಪ ಅಮ್ಮ ಕಾದು ಕೂತಿದ್ದರು. ಒಂದು ಗುರುವಾರ ನಸುಕಿನಲ್ಲಿ ಕಿಟಕಿಯಿಂದ ನೋಡಿದರೆ, ದೊಡ್ಡಮ್ಮ ನನ್ನ ಬಾಟಲಿಗಳನ್ನು ಸದ್ದಾಗದಂತೆ ಒಂದೊಂದಾಗಿ ತನ್ನ ಬಕೆಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಮಗಳು ನನ್ನ ಹತ್ತಿರವೇ ಬೆಳೆದಳು. ದೊಡ್ಡಮ್ಮ ಸತ್ತು ಮೂರು ವರ್ಷವಾದರೂ ಬಾರಿನಲ್ಲಿ ಅವಳು ಕುಡುಕಿಯೇ. ಅಲ್ಲ ಅನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ.