ಯಾರೂ ಸಾಯದೆ ಒಪ್ಪಾರಿ

ಗೆಳೆಯರೇ, ಇವತ್ತು ಬೆಳಿಗ್ಗೆ ಪಟ್ಟಣದ ಕಲಾ ಮ್ಯೂಸಿಯಂನ ಗುಮಾಸ್ತರೊಬ್ಬರು ಎತ್ತಿನ ಗಾಡಿಯಲ್ಲಿ ತಮಿಳು ಸೀಮೆಯ ನಮ್ಮ ಗೂಡಲೂರಿಗೆ ಬಂದಿಳಿದರು. ಕೈಯಲ್ಲಿ ಮುಂದಿನ ವರ್ಷದ ಪಟ್ಟಿಯಿತ್ತು. ತಮಿಳು ಪಂಚಾಂಗದ ತೈ ತಿಂಗಳಲ್ಲಿ ಚಿನ್ನಾಳಪಟ್ಟಿಯ ಸೀರೆಗಳು, ಚಿತ್ತಿರೆಯಲ್ಲಿ ಕಂಚಿನ ವಿಗ್ರಹಗಳು, ಆಡಿ ತಿಂಗಳಲ್ಲಿ ಜನರೆದುರು ನಮ್ಮ ಕನ್ನಡದ ಒಪ್ಪಾರಿ. ಹೆಣದ ಮುಂದೆ ಕೂತು ಅಳುತ್ತಾ ಹೇಳುವ ಆ ಹಾಡು ಈಗ ಪೂರ್ತಿ ಬರುವುದು ನನ್ನ ದೊಡ್ಡವ್ವನಿಗೆ ಮಾತ್ರ. ಗುಮಾಸ್ತರನ್ನು ಅವಳ ಮನೆಗೆ ಕರೆದೊಯ್ದವನು ನಾನೇ.

ಗುಮಾಸ್ತರು ಹಾಡಲು ಕರೆದಾಗ ದೊಡ್ಡವ್ವ ಅವರೆಕಾಯಿ ಸುಲಿಯುತ್ತಾ ಕೇಳಿದಳು, "ಯಾರು ಸತ್ತೋದ್ರು ಸಾಮಿ?"

"ಯಾರೂ ಇಲ್ಲಮ್ಮ. ಜನ ಕೇಳಲಿ ಅಂತ."

"ಹೆಣ ಇಲ್ದೆ ಹಾಡಿದ್ರೆ ಒಪ್ಪಾರಿ ಹೆಣ ಹುಡುಕ್ಕೊಂಡು ಹಾಡಿದೋರ ಮನೇಗೇ ಬರ್ತದೆ. ಬೆಟ್ಟದ ಮೇಲೆ ಅಣೆಕಟ್ಟು ಕೆಲ್ಸಕ್ಕೆ ಹೋದ ನನ್ ಮಗ ಜ್ವರ ಬಂದು ಸತ್ತಾಗ ಹಾಡಿದ್ದೇ ಕಡೆ."

"ಹಾಗಾದ್ರೆ ಹೆಣ್ಣುಮಕ್ಕಳಿಗಾದರೂ ಕಲಿಸಿ."

"ಕಲಿಯೋದೂ ಹೆಣದ ಮುಂದೇನೇ. ಅವ್ರು ಈಗ ತಮಿಳಲ್ಲೇ ಅಳ್ತಾರೆ. ನಿಮ್ ಮ್ಯೂಸಿಯಂ ಸತ್ತ ದಿನ ಆಳು ಕಳ್ಸಿ, ಬಂದು ಹಾಡ್ತೀನಿ."

ಗುಮಾಸ್ತರು ನಗಲಿಲ್ಲ. ದೊಡ್ಡವ್ವನ ಹೆಸರಿನ ಎದುರು 'ದಿನ ಗೊತ್ತಾಗಿಲ್ಲ' ಎಂದು ಬರೆದುಕೊಂಡು ಗಾಡಿ ಹತ್ತಿದರು.

ಅವರು ಹೋದ ಮೇಲೆ ದೊಡ್ಡವ್ವ ಮೊರದಿಂದ ತಲೆಯೆತ್ತದೆ ಅಂದಳು, "ನಂಗೆ ಯಾರು ಹಾಡೋದು ಅಂತ ಅವ್ನು ಕೇಳ್ಲೇ ಇಲ್ವಲ್ಲ."

ನಾನೂ ಇಷ್ಟು ದಿನ ಕೇಳಿರಲಿಲ್ಲ. ಅವಳ ಸಾವಿನ ಎದುರೂ ಗುಮಾಸ್ತರಂತೆ 'ದಿನ ಗೊತ್ತಾಗಿಲ್ಲ' ಎಂದಷ್ಟೇ ಬರೆಯಬಹುದು. ಹಾಡುವವರ ಹೆಸರಿನ ಜಾಗ ಮಾತ್ರ ಖಾಲಿ ಬಿಡಬೇಕು.