ಭಾಗ್ಯಕ್ಕ ಮೇನ್ ಎಳೆಯುವ ಹೊತ್ತು

ಮೊನ್ನೆ ಕೊರಟಗೆರೆಯ ಮೆಡಿಕಲ್ ಸ್ಟೋರಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗೆ ನಿಂತಿದ್ದೆ. ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ಸು ಕೀಂ ಕೀಂ ಎಂದಿತು. "ಬೇಗ ಸೇವ್ ಮಾಡಮ್ಮ" ಎಂದೆ ಗಾಬರಿಯಿಂದ. ಬಿಲ್ಲು ಹಾಕುತ್ತಿದ್ದ ಹುಡುಗಿ ತಲೆಯನ್ನೂ ಎತ್ತದೆ, "ಏನೂ ಆಗಲ್ಲ ಅಂಕಲ್, ಎಲ್ಲಾ ಅದೇ ನೋಡ್ಕೊಂತದೆ" ಎಂದಳು. ಎಲ್ಲಾ ಅದೇ ನೋಡಿಕೊಳ್ಳುವ ಕಾಲಕ್ಕೆ ಮುಂಚೆಯೇ ನಾನು ಕಂಪ್ಯೂಟರ್ ಮಾರಲು ಹೊರಟವನು, ನೋಡಿ.

ಎಂಬತ್ತರ ದಶಕದ ಕೊನೆ. ಸಿರಾದಲ್ಲಿ ನಾನೂ ಗೌಸನೂ ಒಂದೇ ರೂಮಿನಲ್ಲಿದ್ದೆವು, ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಳ್ಳುತ್ತಿದ್ದೆವು. ಕೆಲಸ ಮಾತ್ರ ಪರಸ್ಪರ ಹಲ್ಲು ಮಸೆಯುವ ಎರಡು ಕಂಪನಿಗಳಲ್ಲಿ. ನನ್ನದು ಯುನಿಕ್ಸ್: ಒಂದು ದೊಡ್ಡ ಯಂತ್ರ, ನಾಲ್ಕು ಪರದೆ, ನಾಲ್ವರು ಏಕಕಾಲಕ್ಕೆ ಕೂತು ಲೆಕ್ಕ ಬರೆಯಬಹುದು. ಅವನದು ಡಾಸ್: ಒಬ್ಬರೇ ಕೂರುವ ಪುಟ್ಟ ಪೆಟ್ಟಿಗೆ, ಲೆಕ್ಕದ ಡೇಟಾಬೇಸ್ ಎಲ್ಲ ಒಂದು ಫ್ಲಾಪಿಯೊಳಗೆ. ಊಟಕ್ಕೆ ಕೂತರೂ ಇದೇ ಜಗಳ. ನನ್ನ ಅಮ್ಮ ಮಾತ್ರ ಕೇಳಿದವರಿಗೆಲ್ಲ ನಾನು ಟೀವಿ ಮಾರುತ್ತೇನೆಂದೇ ಹೇಳುತ್ತಿದ್ದಳು.

ಮಧುಗಿರಿಯ ಕಡಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. "ಎರಡೂ ಇಲ್ಲೇ ಓಡ್ಲಿ, ನೋಡ್ತೀನಿ" ಎಂದು ಒಂದೇ ಕೋಣೆ ಕೊಟ್ಟರು. ಈ ಆರ್ಡರ್ ತಪ್ಪಿದರೆ ಮನೆಗೆ ಹೋಗು ಎಂದು ನನ್ನ ಕಂಪನಿ ಹೇಳಿ ಕಳಿಸಿತ್ತು. ಗೌಸನಿಗೂ ಅದೇ ಮಾತು.

ಮಿಲ್ಲಿನಲ್ಲಿ ಒಂದು ಪದ್ಧತಿಯಿತ್ತು. ಮಿಲ್ಲಿನಲ್ಲೇ ಇದ್ದು ಕಾವಲು ನೋಡಿಕೊಳ್ಳುವ ಭಾಗ್ಯಕ್ಕ ಸಂಜೆ ದೀಪ ಹಚ್ಚಿ, ಕೈ ಮುಗಿದು, ಇಡೀ ಮಿಲ್ಲಿನ ಮೇನ್ ಸ್ವಿಚ್ ಎಳೆಯುತ್ತಿದ್ದಳು. ನಮಗೆ ಯಾರೂ ಹೇಳಿರಲಿಲ್ಲ. ಮೊದಲ ಸಂಜೆ ನನ್ನ ಯಂತ್ರ ಕೆಲಸದ ನಡುವೆಯೇ ಕಣ್ಣು ಮುಚ್ಚಿತು. ಅದನ್ನು ಕ್ರಮವಾಗಿ ಮಲಗಿಸದಿದ್ದರೆ ಡಿಸ್ಕಿನಲ್ಲಿರುವುದು ಕಲಸಿಹೋಗುತ್ತದೆ. ಮರುದಿನ ಮಧ್ಯಾಹ್ನದವರೆಗೂ ಅದು ತನ್ನನ್ನೇ ತಾನು ತಪಾಸಣೆ ಮಾಡಿಕೊಳ್ಳುತ್ತ ಕೂತಿತ್ತು. ಅರ್ಧ ಲೆಕ್ಕ ಮಾಯ. ಗೌಸ್ ಅಂಗಿ ಜೇಬಿನಿಂದ ಫ್ಲಾಪಿ ತೆಗೆದು, ತುರುಕಿ, ಕೆಲಸ ಶುರು ಮಾಡಿದ.

ಭಾಗ್ಯಕ್ಕನ ಹತ್ತಿರ ಹೋಗಿ, ನನ್ನದೊಂದು ಯಂತ್ರ ಉರಿಯಲು ಬಿಡಿ ಎಂದೆ.

"ಅದು ಉರೀತಿದ್ರೆ ನಂಗೆ ನಿದ್ದೆ ಬರಾಕಿಲ್ಲ ಕಣಪ್ಪ. ಮೋಟ್ರು ಆರಿಸ್ದೆ ಬುಟ್ಟು ಬೆಂಕಿ ಬಿತ್ತಲ್ಲ, ಆವತ್ತು ಒಳ್ಗಿದ್ದಿದ್ದು ನನ್ ಗಂಡ."

ಮತ್ತೆ ಆ ಮಾತೆತ್ತಲಿಲ್ಲ. ದೀಪಕ್ಕೆ ಮುಂಚೆಯೇ ಯಂತ್ರ ಮಲಗಿಸುವುದನ್ನು ಕಲಿತೆ.

ಕೊನೆಯ ದಿನ ಯಂತ್ರವನ್ನು ಓಡಲು ಬಿಟ್ಟು, ಕಂಪನಿಗೆ ಟ್ರಂಕ್ ಕಾಲ್ ಮಾಡಲು ಪೋಸ್ಟಾಫೀಸಿಗೆ ಹೋದವನಿಗೆ ಲೈನು ಸಿಗಲೇ ಇಲ್ಲ. ಹೊರಗೆ ಬಂದಾಗ ಹೊತ್ತು ಮುಳುಗಿತ್ತು. ಎಲ್ಲ ಮುಗಿಯಿತೆಂದುಕೊಂಡು ಓಡಿದೆ. ಮಿಲ್ಲಿನಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಭಾಗ್ಯಕ್ಕ ಬೆಂಕಿಪೊಟ್ಟಣ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಗೌಸ್.

"ಬಂದ ನೋಡಕ್ಕ ನನ್ ದೋಸ್ತು" ಎಂದ.

ಯಂತ್ರವನ್ನು ಮಲಗಿಸಿದೆ. ಆಮೇಲೆ ಭಾಗ್ಯಕ್ಕ ದೀಪ ಹಚ್ಚಿ ಮೇನ್ ಎಳೆದಳು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಎಲ್ಲವನ್ನೂ ನೋಡಿದ್ದರು. ಬೆಳಿಗ್ಗೆ ಆರ್ಡರನ್ನು ಗೌಸನಿಗೆ ಕೊಟ್ಟರು. "ನಿಂದೇ ದೊಡ್ಡ ಮಿಷಿನ್ನು, ಒಪ್ಕೊಂತೀನಿ. ಆದ್ರೆ ಭಾಗ್ಯಕ್ಕ ಅದಕ್ಕೋಸ್ಕರ ಕಾಯೋದು ನಂಗೆ ಸರಿ ಕಾಣಲ್ಲ" ಎಂದರು. ನನ್ನ ಕೆಲಸ ಹೋಯಿತು. ಗೌಸನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕಿದೆ. ಸಿಗದಿದ್ದಕ್ಕೇ ಸಿಟ್ಟು ಬಂತು. ರೂಮು ಬಿಟ್ಟೆ. ಮಾತೂ ನಿಂತಿತು.

ಆ ಪೈಪೋಟಿಯ ಯಂತ್ರಗಳೆರಡೂ ಎಂದೋ ಗುಜರಿ ಸೇರಿದವು. ಮೆಡಿಕಲ್ ಸ್ಟೋರಿನ ಕತ್ತಲಲ್ಲಿ ನಿಂತು, ಗೌಸ್ ಈಗಲೂ ಸಿರಾದಲ್ಲೇ ಇದ್ದಾನೆಂದು ಮದುವೆಯೊಂದರಲ್ಲಿ ಯಾರೋ ಹೇಳಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ.

"ಲೇ ಗೌಸ್, ಅವತ್ತು ಭಾಗ್ಯಕ್ಕನ್ನ ಯಾಕೆ ತಡೆದೆ?"

ಯಾರೆಂದು ಅವನು ಕೇಳಲಿಲ್ಲ.

"ಸೋಲೋದಾದ್ರೆ ನೀನು ನನ್ ಕೈಲಿ ಸೋಲ್ಬೇಕಿತ್ತು ಕಣ್ಲಾ. ಸ್ವಿಚ್ಚಿನ ಕೈಲಲ್ಲ."

ಕರೆಂಟು ಬಂತು. ಹುಡುಗಿ ಬಿಲ್ಲು ಚಾಚಿ, "ಅಂಕಲ್, ಹುಷಾರಾಗಿದ್ದೀರಾ?" ಎಂದಳು. ಕಣ್ಣೊರೆಸಿಕೊಂಡು, ಹುಷಾರಾಗಿದ್ದೇನಮ್ಮ ಎಂದೆ. ಮಾತ್ರೆಯನ್ನು ಅಲ್ಲೇ ಮರೆತು ಸಿರಾ ಬಸ್ಸು ಹತ್ತಿದೆ.